ಪತ್ರಾಸಿನ ಕೆಳಗೆ

"ಶೆಕಿಗೆ ಹಾಕಸಾಕತ್ತೀರೋ, ಸಪ್ಪಳಕ್ಕೋ ಸರ?" ಎಂದು ಬಂದೇನವಾಜ ಏಣಿಯ ಮೇಲಿಂದ ಕೇಳಿದಾಗ ಶ್ರೀರಂಗ ತಲೆಯೆತ್ತಿ ಮಾಡಿನ ಕಡೆ ನೋಡಿದ. ಬೆಳಗಿನ ಹೊತ್ತಾದರೂ ಹಿತ್ತಲ ಶೆಡ್ಡಿನೊಳಗೆ ಆಗಲೇ ಕಾವು ಕೂತಿತ್ತು. ಬಿಸಿಲು ಏರಿದಂತೆ ಮೇಲಿನ ತಗಡಿನ ಪತ್ರಾಸು ಹಿಗ್ಗಿ ಒಂದು ಮೂಲೆಯಲ್ಲಿ ಟಣ್ ಎನ್ನುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೂಲೆಯಲ್ಲಿ ಟಣ್. ಶ್ರೀರಂಗ ಅದನ್ನೇ ಕೇಳುತ್ತ ನಿಂತಿದ್ದ. ರೇಡಿಯೋ ಸ್ಟೇಷನ್ನಿನಲ್ಲಿ ಜೀವಮಾನವೆಲ್ಲ ಧ್ವನಿಮುದ್ರಣದ ಕೆಲಸ ಮಾಡಿ ಹೋದ ವರ್ಷವಷ್ಟೇ ನಿವೃತ್ತನಾದವನಿಗೆ ಇಂಥ ಸಪ್ಪಳ ಕಿವಿಗೆ ಬಿದ್ದರೆ ಮೊದಲು ಅದು ಎಲ್ಲಿಂದ ಬಂತು, ಆಮೇಲೆ ಅದನ್ನು ಹೇಗೆ ನಿಲ್ಲಿಸಬೇಕು ಎಂಬುದು ತಾನಾಗಿ ತಲೆಯಲ್ಲಿ ಓಡುತ್ತಿತ್ತು. ಕೊನೆಗೆ ಅವನು, "ಶೆಕಿಗೇ. ಆಕಿ ಇಲ್ಲೆ ಸಸಿ ಮಾಡ್ತಾಳ. ಬ್ಯಾಸಗ್ಯಾಗ ಎಲ್ಲಾ ಬಾಡಿ ಹೋಗ್ತಾವಂತ" ಎಂದ.

ಬಂದೇನವಾಜ ಲಕಮನಹಳ್ಳಿಯ ಕಡೆಯ ಫಿಟ್ಟರ. ಗೋದಾಮು, ಕಾರಖಾನೆಗಳ ಮಾಡಿನ ಕೆಳಗೆ ಹೊದಿಕೆ ಬಡಿಯುವುದು ಅವನ ಕಸಬು; ಮನೆಯ ಹಿತ್ತಲಲ್ಲಿ ಸಸಿ ಇಡುವ ಶೆಡ್ಡಿಗೆ ಇಲ್ಲಿಯವರೆಗೆ ಯಾರೂ ಅವನನ್ನು ಕರೆದಿರಲಿಲ್ಲ. ಬಾಯಲ್ಲಿ ಮೊಳೆ ಕಚ್ಚಿಕೊಂಡೇ ಅವನು, "ಬರೇ ಶೆಕಿಗಾದ್ರ ಥರ್ಮಾಕೋಲ್ ಸಾಕಾಗ್ತಿತ್ರಿ. ಹಗರ ಕೆಲಸ. ಬಾಯಾರು ಅಂಗಡಿಗೆ ಬಂದು ಎರಡೂ ಮುಟ್ಟಿ ನೋಡಿ, ಅದು ಬ್ಯಾಡ, ಈ ಗ್ಲಾಸ್‌ವುಲ್ಲೇ ಹಾಕ್ರಿ ಅಂದ್ರು. ಬಾಗಲಾ ಸುತ್ತ ರಬ್ಬರ್ ಪಟ್ಟಿನೂ ಹೊಡೀರಿ ಅಂದಾರ" ಎಂದು ಕೈಚಾಚಿದ. ಶ್ರೀರಂಗ ಕೆಳಗಿಂದ ಹಳದಿ ಹಾಸಿನ ಒಂದು ತುಂಡನ್ನು ಎತ್ತಿಕೊಟ್ಟ. ಹಿಂಜಿದ ಹತ್ತಿಯ ಹಾಗೆ ಕಾಣುವ, ಗಾಜಿನ ಸಣ್ಣ ಎಳೆಗಳ ಈ ಹಾಸು ಅವನಿಗೆ ಹೊಸದಲ್ಲ. ಸ್ಟುಡಿಯೋದ ಗೋಡೆಗಳ ಹಿಂದೆ, ತೂತು ಹಲಗೆಗಳ ಹಿಂದೆ ಇದೇ ಇರುತ್ತಿತ್ತು. ಹೊರಗೆ ಮೆರವಣಿಗೆ ಹೋಗುತ್ತಿದ್ದರೂ ಒಳಗೆ ಕೂತವನಿಗೆ ತನ್ನ ಉಸಿರಷ್ಟೇ ಕೇಳುವ ಹಾಗೆ ಮಾಡುತ್ತಿದ್ದುದು ಇದೇ. ಶೆಕೆಗೂ ಆಗುತ್ತದೆ, ನಿಜ. ಆದರೆ ಬಾಗಿಲಿಗೆ ರಬ್ಬರ್ ಪಟ್ಟಿ ಯಾಕೆ ಬೇಕು? ಬದನೆ, ಟೊಮೆಟೊ ಸಸಿಗಳಿಗೆ ಗಾಳಿ ಬೇಕು. ಬಾಗಿಲು ಬಿಗಿಯಾಗಿ ಮುಚ್ಚಿ ಅವಕ್ಕೇನು ಉಪಯೋಗ? ಹೀಗೆ ಒಂದೊಂದಾಗಿ ಜೋಡಿಸುತ್ತ ಹೋದಂತೆ ಅವನಿಗೆ ಸಂಗತಿ ತಿಳಿಯಿತು. ಹೆಂಡತಿ ನಿರುಪಮಾ ಈ ಶೆಡ್ಡನ್ನು ಮುಚ್ಚಿಸುತ್ತಿರುವುದು ಬಿಸಿಲಿನಿಂದಲ್ಲ. ತನ್ನಿಂದ.

ಶೆಡ್ಡಿನಿಂದ ಬರುವ ದನಿಯನ್ನು ಅವನು ಮೊದಲು ಕೇಳಿದ್ದು ಚಳಿಗಾಲದಲ್ಲಿ. ಮಧ್ಯಾಹ್ನದ ಊಟವಾದ ಮೇಲೆ ನಿರುಪಮಾ ನೀರಿನ ತಂಬಿಗೆ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಶೆಡ್ಡಿನ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಅವನು ಮಂಚದ ಮೇಲೆ ಅಡ್ಡಾಗಿ ಪೇಪರು ಓದುತ್ತಿದ್ದಾಗ ಹಿತ್ತಲ ಕಡೆಯಿಂದ ಗುಂಯ್ ಎಂದು ಏನೋ ಬರುತ್ತಿತ್ತು. ಮಾತಿನದೇ ಏರಿಳಿತ, ಆದರೆ ಮಾತಿಲ್ಲ. ಪತ್ರಾಸು ಹಾಗೆಯೇ. ಅಕ್ಷರದ ಮೊನೆಗಳನ್ನೆಲ್ಲ ತಾನು ನುಂಗಿ ಬರೀ ನಾದವನ್ನು ಹೊರಗೆ ಬಿಡುತ್ತದೆ. ಮೊದಲು ಅವನು ಗುಲ್ಜಾರಬಿ ಬಂದಿರಬೇಕೆಂದುಕೊಂಡ. ಗೋಡೆಯಾಚೆಯ ಮನೆಯ ಗುಲ್ಜಾರಬಿಗೆ ಗಟ್ಟಿ ದನಿ. ಆದರೆ ಸ್ವಲ್ಪ ಹೊತ್ತಿನಲ್ಲೇ ಗುಲ್ಜಾರಬಿ ತನ್ನ ಅಂಗಳದಿಂದ ಕೋಳಿ ಓಡಿಸಿದ್ದು ಬೇರೆಯಾಗಿ ಕೇಳಿತು. ಹಾಗಾದರೆ ಶೆಡ್ಡಿನಲ್ಲಿದ್ದವಳು ನಿರುಪಮಾ ಒಬ್ಬಳೇ. ಮತ್ತು ಅದು ನಿರುಪಮಾಳ ದನಿಯಲ್ಲ. ಅವಳ ದನಿ ಅವನಿಗೆ ಗೊತ್ತಿತ್ತು. ಎಷ್ಟೋ ಜನರ ದನಿಗೆ ಅವನು ಗುಂಡಿ ತಿರುವಿ ಏರಿಸಿದ್ದ, ಇಳಿಸಿದ್ದ. ಭಾಷಣ ಮಾಡಲು ಬಂದವರು ಮೈಕಿನ ಮುಂದೆ ನಡುಗುತ್ತಿದ್ದರು, ನಾಟಕದವರು ಕಿರುಚುತ್ತಿದ್ದರು, ಕೃಷಿಯ ಕಾರ್ಯಕ್ರಮಕ್ಕೆ ಗರಗದ ಕಡೆಯಿಂದ ಬಂದ ರೈತರು ಹೊಲದಾಚೆಗೆ ಕರೆಯುವ ಹಾಗೆ ಮಾತಾಡುತ್ತಿದ್ದರು. ನಿರುಪಮಾಳ ದನಿಗಾದರೆ ಗುಂಡಿ ಮುಟ್ಟುವ ಕೆಲಸವೇ ಇರಲಿಲ್ಲ. ಉಪ್ಪು ಸಾಕೇನು ಎಂದು ಕೇಳಿದರೂ ಅಷ್ಟೇ, ಅವಳ ತಂದೆ ತೀರಿಕೊಂಡ ಸುದ್ದಿ ಹೇಳಿದಾಗಲೂ ಅಷ್ಟೇ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿದವಳು, ಅಲ್ಲಿಯ ರೂಢಿ ಮನೆಗೂ ಬಂದಿದೆ ಎಂದು ಅವನು ತಿಳಿದಿದ್ದ. ತಿಳಿದಿದ್ದ ಎನ್ನುವುದಕ್ಕಿಂತ, ಆ ಬಗ್ಗೆ ಯೋಚಿಸಿಯೇ ಇರಲಿಲ್ಲ. ಈಗ ಪತ್ರಾಸಿನ ಕೆಳಗಿಂದ ಬರುತ್ತಿದ್ದ ದನಿ ದಪ್ಪಗಿತ್ತು, ಓಡುತ್ತಿತ್ತು, ನಡುವೆ ತಟ್ಟನೆ ನಿಂತು ಮತ್ತೆ ಏರುತ್ತಿತ್ತು. ಒಮ್ಮೆ ನಕ್ಕಿತು. ಆ ನಗೆ ಕೇಳಿ ಶ್ರೀರಂಗ ಪೇಪರು ಕೆಳಗಿಟ್ಟಿದ್ದ.

ಮರುದಿನದಿಂದ ಅವನು ಹಿತ್ತಲಲ್ಲಿ ಕೆಲಸ ಹುಡುಕತೊಡಗಿದ. ಬಟ್ಟೆ ಒಣಗಿದೆಯೇ ನೋಡುವುದು, ಕರಿಬೇವು ಕೀಳುವುದು. ಶೆಡ್ಡಿನ ಗೋಡೆ ಇಟ್ಟಿಗೆಯದು. ಗೋಡೆಗೂ ಪತ್ರಾಸಿಗೂ ನಡುವೆ ಕೈ ತೂರುವಷ್ಟು ಸಂದು. ಪಪ್ಪಾಯಿ ಗಿಡದ ಹಿಂದೆ ಬಗ್ಗಿ ನಿಂತರೆ ಆ ಸಂದಿನ ಕೆಳಗೇ ಬಂದಂತಾಗುತ್ತಿತ್ತು. ಅಲ್ಲಿಯೂ ಮಾತು ಒಡೆಯಲಿಲ್ಲ, 'ಆಮ್ಯಾಲೆ' ಎಂಬುದೊಂದು ಬಿಟ್ಟು. ಆಮ್ಯಾಲೆ, ಆಮ್ಯಾಲೆ ಎಂದು ಅದು ಎಲ್ಲಿಗೋ ಹೋಗುತ್ತಿತ್ತು. ಕತ್ತು ಇನ್ನಷ್ಟು ಚಾಚಿದಾಗ ಗೋಡೆಯ ಮೇಲಿಂದ ಗುಲ್ಜಾರಬಿ, "ಏನ ಹುಡುಕಾಕತ್ತೀರಿ ಸರ?" ಎಂದಳು. ಶ್ರೀರಂಗ, "ಚಪ್ಪಲಿ" ಎಂದ. ಗುಲ್ಜಾರಬಿ ಅವನ ಕಾಲು ನೋಡಿದಳು. ಎರಡೂ ಕಾಲಲ್ಲಿ ಚಪ್ಪಲಿಯಿತ್ತು. ಅವಳೇನೂ ನಗಲಿಲ್ಲ, "ನಾಯಿ ಒಯ್ದಿರ್ತೈತಿ ಬಿಡ್ರಿ, ಹುಡುಕ್ರಿ" ಎಂದು ತಲೆ ಕೆಳಗೆ ಮಾಡಿಕೊಂಡಳು. ಅವಳು ನಕ್ಕುಬಿಟ್ಟಿದ್ದರೆ ಛಲೋ ಇತ್ತು ಎಂದು ಅವನಿಗೆ ಸಂಜೆಯತನಕ ಅನಿಸುತ್ತಿತ್ತು. ಹುಬ್ಬಳ್ಳಿಯಲ್ಲಿ ವಕೀಲಿಕೆ ಮಾಡುವ ಮಗಳು ಮಾನಸಿಗೆ ಫೋನು ಮಾಡಿ, ಅದು ಇದು ಮಾತಾಡಿ, ಕೊನೆಗೆ, "ನಿಮ್ಮಮ್ಮ ಶೆಡ್ಡಿನ್ಯಾಗ ಏನ ಮಾಡ್ತಾಳ, ನಿನಗೇನರೆ ಹೇಳ್ಯಾಳೇನು?" ಎಂದು ಕೇಳಿದ. ಆ ಕಡೆಯಿಂದ ಮಾನಸಿ, "ಅಪ್ಪಾ, ಆಕಿ ನಿಮ್ಮ ಬಾಜೂನ ಕೂತಿರ್ತಾಳಲ್ಲ, ಆಕೀನ್ನ ಕೇಳ್ರಿ" ಎಂದಳು. ಮಾನಸಿಯ ದನಿ ಇತ್ತೀಚೆಗೆ ಬೆಳೆದಿತ್ತು. ಒಮ್ಮೆ ಅವಳ ಕೋರ್ಟಿಗೆ ಹೋದಾಗ ಹಿಂದಿನ ಬೆಂಚಿನಲ್ಲಿ ಕೂತು ಆ ದನಿ ಕೇಳಿ ಅವನಿಗೆ ಗುರುತೇ ಹತ್ತಿರಲಿಲ್ಲ. ಈ ಮನೆಯಲ್ಲಿದ್ದಾಗ ಅವಳು ಬಾಗಿಲು ಮುಚ್ಚುವಾಗ ಚೌಕಟ್ಟಿಗೂ ಹಲಗೆಗೂ ನಡುವೆ ತನ್ನ ಅಂಗೈ ಇಡುತ್ತಿದ್ದಳು, ಸಪ್ಪಳವಾಗಬಾರದೆಂದು. ಹಾಗೆ ಮಾಡೆಂದು ಯಾರೂ ಹೇಳಿದ್ದಿಲ್ಲ. ಅಪ್ಪ ಡ್ಯೂಟಿ ಮುಗಿಸಿ ಬರುತ್ತಾರೆ, ಕಿವಿ ದಣಿದಿರುತ್ತದೆ. ಮಿಕ್ಸರು ಅವರು ಇಲ್ಲದಾಗ, ಬೋಗುಣಿ ಇಡುವುದು ಮಡಿಸಿದ ಅರಿವೆಯ ಮೇಲೆ. ಅವೆಲ್ಲ ಗೋಡೆಯ ಬಣ್ಣದ ಹಾಗೆ ಇದ್ದವು, ಯಾರೂ ನೋಡುತ್ತಿರಲಿಲ್ಲ.

"ಸರ, ಏಣಿ ಹಿಡೀರಿ" ಎಂದು ಬಂದೇನವಾಜ ಏಣಿಯಿಂದ ಇಳಿದ. ಕಿಸೆಯಲ್ಲಿ ಫೋನು ಕುಣಿಯುತ್ತಿತ್ತು. ಗಬ್ಬೂರ ಬೈಪಾಸಿನ ಹತ್ತಿರ ಒಂದು ಗೋದಾಮಿನ ಮಾಡು ಕಳಚಿದೆಯಂತೆ, ಗಾಳಿಗೆ ತಗಡು ಎದ್ದು ಬಡಿಯಾಕತ್ತೈತಂತ, ಲಗೂ ಬಾ ಎಂದು ಕರೆಯುತ್ತಿದ್ದರು. ಶೆಡ್ಡಿನ ಮಾಡು ಆಗಲೇ ಬಹಳ ಮಟ್ಟಿಗೆ ಮುಗಿದಿತ್ತು: ಪತ್ರಾಸಿಗೆ ಅಂಟಿದ ಬೆಳ್ಳಿ ಹಾಳೆ, ಅದರ ಕೆಳಗೆ ಕಟ್ಟಿಗೆಯ ಚೌಕಗಳಲ್ಲಿ ತುಂಬಿದ ಹಳದಿ ಹಾಸು, ಅದನ್ನು ಮುಚ್ಚಿದ ಪ್ಲೈವುಡ್ಡು. ಗೋಡೆಯ ಮೇಲಿನ ಸಂದಿಗೂ ಹಾಸು ತುರುಕಿಯಾಗಿತ್ತು. ಅಡಿಗೆಮನೆಯ ಕಡೆಯ ಮೂಲೆಯೊಂದು ಉಳಿದಿತ್ತು. "ಸಂಜಿಗೆ ಬಂದು ಮುಗಸ್ತೇನ್ರಿ" ಎಂದ ಬಂದೇನವಾಜ. ಶ್ರೀರಂಗ, "ಬ್ಯಾಡ ಬಿಡು, ಅದೊಂದು ನಾ ತುಂಬತೀನಿ. ನಂಗೂ ಅಭ್ಯಾಸ ಅದ" ಎಂದ. ಮಾತು ಬಾಯಿಂದ ಹೊರಬಿದ್ದ ಮೇಲೆ ತಾನು ಹಾಗೇಕೆ ಹೇಳಿದೆನೆಂದು ಅವನಿಗೇ ಕುತೂಹಲವಾಯಿತು. ಬಂದೇನವಾಜ ಸ್ಕ್ರೂಗಳನ್ನು ಒಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿಕೊಟ್ಟು, "ತೋಳಿನ ಅಂಗಿ ಹಾಕ್ಕೊರಿ, ಕಡೀತೈತಿ" ಎಂದು ಹೇಳಿ ಹೋದ.

ಒಬ್ಬನೇ ಆದಾಗ ಶೆಡ್ಡು ಬೇರೆಯೇ ಆಯಿತು. ಅವನು ಸುಮ್ಮನೆ ಚಪ್ಪಾಳೆ ಹೊಡೆದು ನೋಡಿದ. ಸದ್ದು ಹುಟ್ಟಿದಲ್ಲೇ ಬಿದ್ದಿತು, ಎದ್ದು ಓಡಾಡಲಿಲ್ಲ. ಒಳ್ಳೆಯ ಕೆಲಸ. ಹಲಗೆಯ ಮೇಲೆ ಸಾಲಾಗಿ ಸಸಿಯ ಕುಂಡಗಳು, ಒಂದು ಮಣ್ಣಿನ ಬುಟ್ಟಿ, ಅಡಿಗೆಮನೆಯ ಕಡೆಗೆ ತೆರೆಯಲು ಬಾರದ ಒಂದು ಪುಟ್ಟ ಗಾಜಿನ ಕಿಟಕಿ, ಕೂರುವುದಕ್ಕೆ ಲೈಬ್ರರಿಯಲ್ಲಿರುವಂಥ ಮರದ ಸ್ಟೂಲು. ಸ್ಟೂಲಿನ ಎದುರು ಏನೂ ಇರಲಿಲ್ಲ, ಬರೀ ಗೋಡೆ. ಇಲ್ಲಿ ಕೂತು ಆಕೆ ಈ ಗೋಡೆಗೆ ಏನು ಹೇಳುತ್ತಾಳೆ ಎಂದು ಅವನು ಸ್ಟೂಲಿನ ಮೇಲೆ ಕೂತು ನೋಡಿದ. ಗೋಡೆಯ ಸುಣ್ಣದಲ್ಲಿ ಒಂದು ಬಿರುಕು, ಒಂದು ಜೇಡ. ಕೇಳಿದರೆ ಹೇಳಿಯಾಳು. ಆದರೆ ಕೇಳುವುದೆಂದರೆ ಪಪ್ಪಾಯಿ ಗಿಡದ ಹಿಂದೆ ಬಗ್ಗಿದ್ದನ್ನೂ ಹೇಳಬೇಕು. ಅವನು ಎದ್ದು ಮೂಲೆಯ ಅಳತೆಗೆ ಹಾಸನ್ನು ಕತ್ತರಿಸಿದ. ಒಂದು ಚದುರಡಿ ತೂತಿದ್ದರೆ ಉಳಿದ ಗೋಡೆಯೆಲ್ಲ ಎಷ್ಟು ದಪ್ಪವಿದ್ದರೂ ವ್ಯರ್ಥ ಎಂದು ಹೊಸ ಹುಡುಗರಿಗೆ ಅವನೇ ಪಾಠ ಹೇಳುತ್ತಿದ್ದ. ನೀರಿನ ಹಾಗೆಯೇ ದನಿಯೂ, ಸಂದು ಹುಡುಕಿಕೊಂಡು ಹೋಗುತ್ತದೆ. ಈ ಮೂಲೆಯ ಸಂದು ಅಡಿಗೆಮನೆಯ ಕಿಟಕಿಗೆ ನೇರ. ಬೀದಿಯಲ್ಲಿ ನಿರುಪಮಾಳ ಸ್ಕೂಟಿ ತಿರುಗಿದ್ದು ಅವನಿಗೆ ಗೊತ್ತಾಯಿತು. ಕೈಯಲ್ಲಿನ ತುಂಡನ್ನು ಮೇಲೆ ಇಡುವ ಬದಲು ಮಡಿಸಿ ಗೊಬ್ಬರದ ಖಾಲಿ ಚೀಲದಲ್ಲಿ ಹಾಕಿದ. ಪ್ಲೈವುಡ್ಡಿನ ತುಂಡನ್ನು ಒಂದು ಕಡೆ ಕಾಣದಷ್ಟು ಸಡಿಲ ಬಿಟ್ಟು ಸ್ಕ್ರೂ ತಿರುವಿದ. ಎಂದಿನ ಕೆಲಸದ ಹಾಗೆಯೇ ಸಲೀಸಾಗಿ ತಿರುವಿದ. ಅದೇ ಅವನಿಗೆ ಆಮೇಲೆ ಸೋಜಿಗವೆನಿಸಿತು.

ನಿರುಪಮಾ ಬಂದು ತಲೆಯೆತ್ತಿ ಸುತ್ತ ನೋಡಿದಳು. ಕೈ ಮೇಲೆ ಮಾಡಿ ಹಲಗೆ ಮುಟ್ಟಿದಳು. "ಛಲೋ ಆಗೇದ" ಎಂದಳು, ಅದೇ ಗುಂಡಿ ಮುಟ್ಟಬೇಕಿಲ್ಲದ ದನಿಯಲ್ಲಿ. ಸಂಜೆ ಶ್ರೀರಂಗನ ಮೊಳಕೈ, ಕೊರಳೆಲ್ಲ ಕೆರೆಯತೊಡಗಿತು. ಗಾಜಿನ ಎಳೆ ಕಣ್ಣಿಗೆ ಕಾಣದ ಹಾಗೆ ಚರ್ಮದಲ್ಲಿ ಕೂತಿತ್ತು. ಅವಳು ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತಂದು ಅವನ ತೋಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸವರಿದಳು. "ಕೆರಕೋಬ್ಯಾಡ್ರಿ, ಇನ್ನಷ್ಟು ಒಳಗ ಹೋಗ್ತದ. ನಿಮಗ್ಯಾರು ಮಾಡಂತ ಹೇಳಿದ್ರು, ಅಂವಾ ಬಂದು ಮಾಡ್ತಿದ್ದ." ಅವನು ತೋಳು ಕೊಟ್ಟು ಕೂತ. ಅವಳ ಬೆರಳು ಮೊಳಕೈಯ ಒಳಗಿನ ಮಡಿಕೆಯನ್ನು ಬಿಡಿಸಿ ಅಲ್ಲಿಗೂ ಎಣ್ಣೆ ಮುಟ್ಟಿಸಿತು. ಚೀಲದಲ್ಲಿ ಮಡಿಸಿಟ್ಟ ತುಂಡು ಅವನಿಗೆ ನೆನಪಾಯಿತು. ಕೂಡಲೇ, ನಾಳೆ ಮಧ್ಯಾಹ್ನವೂ ನೆನಪಾಯಿತು. ಎರಡರಲ್ಲಿ ಯಾವುದರ ಸೆಳೆತ ಹೆಚ್ಚು ಎಂಬುದರ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ.

ಮರುದಿನ ಊಟವಾದ ಮೇಲೆ ಶೆಡ್ಡಿನ ಬಾಗಿಲು ಹೊಸ ರಬ್ಬರಿನ ಮೆತ್ತನೆಯ ಸದ್ದಿನೊಡನೆ ಮುಚ್ಚಿಕೊಂಡಿತು. ಶ್ರೀರಂಗ ಅಡಿಗೆಮನೆಯ ಕಿಟಕಿಯ ಹತ್ತಿರ ನಿಂತ. ಮೊದಲು ಏನೂ ಇಲ್ಲ. ಆಮೇಲೆ, ಪತ್ರಾಸಿನ ಗುಂಯ್‌ಗುಡುವಿಕೆಯಿಲ್ಲದೆ, ಒಂದೇ ಸಂದಿನಿಂದ ಸಣ್ಣಗೆ, ಆದರೆ ಸೂಜಿಯ ಮೊನೆಯ ಹಾಗೆ ಸ್ಪಷ್ಟವಾಗಿ ಮಾತು ಬಂತು. ತಾನು ಎಣಿಸಿದ್ದಕ್ಕಿಂತ ಒಳ್ಳೆಯದಾಗಿ ಬರುತ್ತಿದೆ ಎಂದು ಅವನ ಒಳಗಿನ ಕೆಲಸಗಾರ ಮೊದಲು ಹಿಗ್ಗಿದ. ಅವಳು ಯಾವುದೋ ಬಸ್ಸಿನ ಕಥೆ ಹೇಳುತ್ತಿದ್ದಳು. ಬಸ್ಸು ಬೈಪಾಸಿನಲ್ಲಿ ಕೆಟ್ಟು ನಿಂತಿದೆ. ಕಂಡಕ್ಟರನೊಬ್ಬ, ಒಂದು ಆಡು ಹಿಡಿದು ಹತ್ತಿದ ಮುದುಕಿ. "ಆಡಿಗೆ ಟಿಕೀಟ ತಗೀಬೇಕಾಕ್ಕೈತಿ ಯವ್ವಾ" ಎಂದು ಕಂಡಕ್ಟರ. "ಅದೇನ್ ಸೀಟಿನ ಮ್ಯಾಲೆ ಕುಂತೈತೇನಪಾ" ಎಂದು ಮುದುಕಿ. ಕಂಡಕ್ಟರನಿಗೆ ಮೂಗಿನ ದನಿ, ಮುದುಕಿಗೆ ಹಲ್ಲಿಲ್ಲದ ಬಾಯಿ, ನಡುವೆ ಆಡಿನದೂ ಒಂದು ಮಾತು. ನಿರುಪಮಾ ತಾನೇ ನಕ್ಕಳು, ನಕ್ಕು ಮುಂದುವರಿಸಿದಳು, "ಆಮ್ಯಾಲೆ ಏನಾತು ಅಂದ್ರ..." ಶ್ರೀರಂಗ ಕಿಟಕಿಯ ಸರಳು ಹಿಡಿದುಕೊಂಡ. ಇಷ್ಟು ವರ್ಷ ಅವನು ಗಾಜಿನ ಈಚೆ ಕೂತು ನಾಟಕದವರಿಂದ ಇಂಥದ್ದನ್ನು ಬೇಡಿ ಬೇಡಿ ತೆಗೆಸುತ್ತಿದ್ದ. ಜೊತೆಗೇ, ಸ್ವಲ್ಪ ಹಿಂದೆ ಸರಿದು ಮಾತಾಡಿದರೆ ನಗೆ ಒಡೆಯುವುದಿಲ್ಲ ಎಂದೂ ಅನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯ ನಡುವೆಯೂ ಮೈಕು ಎಲ್ಲಿಡಬೇಕೆಂದು ಕಣ್ಣು ಅಳೆಯುತ್ತಿತ್ತು.

ಕಥೆ ಮುಗಿದು ಅವಳು ಬೇರೆ ಏನೋ ಹೇಳತೊಡಗಿದಳು. ಬೆಳಿಗ್ಗೆ ಮನೆಯಲ್ಲಿ ಸೌಟು ಬಿದ್ದ ಸಂಗತಿ. ನಿಜ, ಬೆಳಿಗ್ಗೆ ಸೌಟು ಬಿದ್ದಿತ್ತು. ಆಗ ಕಿಟಕಿಯ ಬಳಿ ನಿಂತವನಿಗೆ ಒಬ್ಬ ಗಂಡಸಿನ ದನಿ ಕೇಳಿತು. ಮೊದಲು ಮೂಗಿನಿಂದ ಒಂದು ಉದ್ದ ಉಸಿರು ಒಳಗೆಳೆದುಕೊಂಡು, ಅದನ್ನು ಒಂದು ಗಳಿಗೆ ತಡೆದು, ಆಮೇಲೆ ಬಹಳ ಮೆತ್ತಗೆ, "ಏನದು?" ಎಂದಿತು ಆ ದನಿ. ಮತ್ತೆ ಉಸಿರು. "ಇರ್ಲಿ ಬಿಡು." ಬಯ್ಯುವ ದನಿಯಲ್ಲ, ಕ್ಷಮಿಸುವ ದನಿ. ಯಾರಿರಬಹುದೆಂದು ಶ್ರೀರಂಗ ಒಂದು ಕ್ಷಣ ನಿಜವಾಗಿಯೂ ಯೋಚಿಸಿದ. ಅವಳ ಬಾಯಲ್ಲಿದ್ದುದು ತನ್ನದೇ ದನಿ ಎಂದು ಗೊತ್ತಾದಾಗ ಕಿವಿಯ ಹಾಲೆ ಬಿಸಿಯಾಯಿತು. ತನ್ನ ದನಿಯನ್ನು ಅವನು ಟೇಪಿನಲ್ಲಿ ಕೇಳಿದ್ದಿದೆ, ಆದರೆ ಆ ಉಸಿರನ್ನು ಯಾವ ಟೇಪೂ ಹಿಡಿದಿರಲಿಲ್ಲ. ಮಾತಿನ ಮೊದಲು ತಾನು ಹೀಗೆ ಉಸಿರೆಳೆದುಕೊಳ್ಳುತ್ತೇನೆಯೇ? ಹಾಗೆ ಎಳೆದುಕೊಂಡಾಗಲೆಲ್ಲ ಈ ಮನೆಯಲ್ಲಿ ಉಳಿದವರು ತಮ್ಮ ಉಸಿರು ಹಿಡಿದಿದ್ದರೇ? ಅವನು ಅಲ್ಲೇ, ಕಿಟಕಿಯ ಬಳಿ, ಮೆಲ್ಲಗೆ "ಏನದು" ಎಂದು ಹೇಳಿ ನೋಡಿದ. ಮೂಗು ತಾನಾಗಿ ಉಸಿರೆಳೆದುಕೊಂಡಿತು. ಅವಳು ತಪ್ಪಿರಲಿಲ್ಲ, ಒಂದು ಎಳೆಯೂ.

ಸಂಜೆಯ ಚಹಕ್ಕೆ ನೀರಿಡುವಾಗ ನಿರುಪಮಾ, "ಆ ಮೂಲ್ಯಾಗ ಕಾವು ಇಳೀಲಿಕ್ಕೆ ಹತ್ತದ. ಉಳಿದ ಕಡೆ ತಣ್ಣಗದ, ಅದೊಂದ ಕಡೆ ತಲೀ ಸುಡ್ತದ" ಎಂದಳು. ದನಿಗೆ ಬಿಟ್ಟ ಸಂದಿನಲ್ಲಿ ಬಿಸಿಲೂ ಒಳಗೆ ಬಂದೀತೆಂದು ಶ್ರೀರಂಗನಿಗೆ ಹೊಳೆದೇ ಇರಲಿಲ್ಲ. "ಬಂದೇನವಾಜಗ ಫೋನ್ ಮಾಡ್ಲೇನು, ಇಲ್ಲಾ ನೀವು ನೋಡ್ತೀರಿ?" ಅವಳು ಅವನ ಮುಖ ನೋಡದೆ ಸಕ್ಕರೆ ಹಾಕುತ್ತಿದ್ದಳು. ಅವನು, "ನಾನ ನೋಡ್ತೀನಿ" ಎಂದ.

ಇಬ್ಬರೂ ಶೆಡ್ಡಿಗೆ ಹೋದರು. ಅವನು ಸ್ಟೂಲು ಹತ್ತಿ ಸ್ಕ್ರೂ ಬಿಚ್ಚಿದ. ಅವಳು ಸ್ಟೂಲಿನ ಕಾಲು ಹಿಡಿದು ನಿಂತಳು. ಹಲಗೆ ಕೈಗೆ ಬಂದಾಗ ಮೇಲಿನ ಚೌಕ ಖಾಲಿ ಕಂಡಿತು, ಬೆಳ್ಳಿ ಹಾಳೆಯ ಆಚೆ ಸಂದಿನಲ್ಲಿ ಒಂದು ಬಿಳಿ ಗೆರೆ ಬೆಳಕು. ಅವಳು ಅದನ್ನು ನೋಡಿದಳು. ಅವನು ಕೆಳಗಿಳಿದು ಗೊಬ್ಬರದ ಚೀಲದಿಂದ ಮಡಿಸಿದ ತುಂಡನ್ನು ಹೊರತೆಗೆದ. ಅಳತೆಗೆ ಸರಿಯಾಗಿ ಕತ್ತರಿಸಿದ, ಅಂಚು ನೇರವಿದ್ದ ತುಂಡು. ಅದನ್ನೂ ಅವಳು ನೋಡಿದಳು.

"ಮರ್ತಿದ್ರೇನು?" ಎಂದಳು.

ಹೌದೆನ್ನಬಹುದಿತ್ತು. ಅವಳು ಅದಕ್ಕೆಂದೇ ಹಾಗೆ ಕೇಳಿದ್ದಳು. ಶ್ರೀರಂಗನ ಮೂಗು ಉಸಿರೆಳೆದುಕೊಳ್ಳುವುದಕ್ಕೆ ಹೊರಟಿತು. ಅವನು ಅದನ್ನು ಅಲ್ಲೇ ನಿಲ್ಲಿಸಿದ. ಹಾಗೆ ನಿಲ್ಲಿಸಿದ್ದರಿಂದ ಮಾತು ಒಡಕು ಒಡಕಾಗಿ ಬಂತು. "ಮರ್ತಿರಲಿಲ್ಲ. ಕೇಳಬೇಕು ಅನಸ್ತು."

ನಿರುಪಮಾ ಮಣ್ಣಿನ ಬುಟ್ಟಿಯ ಅಂಚಿನ ಮೇಲೆ ಕೂತಳು. ಸಿಟ್ಟು ಬಂದಂತೆ ಕಾಣಲಿಲ್ಲ. ಯಾವುದೋ ಲೆಕ್ಕದಲ್ಲಿ ತಾನು ಅಂದುಕೊಂಡದ್ದೇ ಸರಿಯಾಯಿತೆಂಬ ಹಾಗೆ ತಲೆಯಾಡಿಸಿದಳು. "ಕೇಳಿದ್ರಿ?"

"ನಿನ್ನೆ ಮೊನ್ನೆವರೆಗೂ ಮಾತು ತಿಳೀತಿರಲಿಲ್ಲ. ಇವತ್ತು ತಿಳೀತು. ಬಸ್ಸು, ಆಡು."

"ಮತ್ತ?"

"ಸೌಟು."

ಅವಳ ಮುಖ ಕೆಂಪಾಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡಳು. ಹೊರಗೆ ಗುಲ್ಜಾರಬಿಯ ಮನೆಯ ಕುಕ್ಕರು ಸೀಟಿ ಹಾಕಿತು, ಮೂಲೆಯ ಸಂದಿನಿಂದ ಅದು ತೀಕ್ಷ್ಣವಾಗಿ ಒಳಗೆ ಬಂತು. ಶ್ರೀರಂಗ, "ನಾ ಹಂಗ ಉಸಿರು ತಗೋತೀನೇನು?" ಎಂದು ಕೇಳಿದ. ಕೇಳಬೇಕೆಂದಿದ್ದು ಬೇರೆ, ಬಂದದ್ದು ಇದು. ಅವಳು, "ತಗೋತೀರಿ" ಎಂದಳು. ಆಮೇಲೆ, ಅವನು ಇನ್ನೂ ಕೈಯಲ್ಲಿ ಹಾಸು ಹಿಡಿದು ನಿಂತದ್ದನ್ನು ನೋಡಿ, ತಾನಾಗಿ ಹೇಳತೊಡಗಿದಳು.

"ಯಾರ ಜೋಡೀನೂ ಅಲ್ರೀ. ಸುಮ್ನ ಮಾತಾಡ್ತೀನಿ. ಸಣ್ಣಾಕಿ ಇದ್ದಾಗಿಂದ ಅದ ಇದು. ದಿನಾ ಕಂಡಿದ್ದು ಕೇಳಿದ್ದು ಒಂದ ಸಲ ಬಾಯಿಂದ ಹೊರಗ ಹೋಗಬೇಕು ನಂಗ, ಜೋರಾಗಿ. ಇಲ್ಲಾಂದ್ರ ಅಂದಿನ ದಿನ ಮುಗಿದಂಗ ಅನಸೂದಿಲ್ಲ. ಲೈಬ್ರರಿಯೊಳಗ ಆಗ್ತಿರಲಿಲ್ಲ. ನೀವು ಡ್ಯೂಟಿಗೆ ಹೋದಾಗ ಮನೀ ಇತ್ತು. ಎಲ್ಲಾ ಖೋಲ್ಯಾಗ ಅಡ್ಡಾಡಕೋತ ಮಾತಾಡ್ತಿದ್ದೆ. ನಾ ರಾಜೀನಾಮೆ ಕೊಟ್ಟ ಮ್ಯಾಲಂತೂ ಭಾಳ ಸುಖ ಇತ್ತು." ಅವಳು ಸ್ವಲ್ಪ ತಡೆದಳು. "ಆಮ್ಯಾಲೆ ನೀವು ರಿಟೈರ್ ಆದ್ರಿ."

ಇದನ್ನು ಅವಳು ದೂರುವ ಹಾಗೆ ಹೇಳಲಿಲ್ಲ. ಮಳೆ ಬಂತು, ಬಟ್ಟೆ ಒಳಗೆ ತಂದೆ ಎನ್ನುವ ಹಾಗೆ ಹೇಳಿದಳು. ಶ್ರೀರಂಗನಿಗೆ ತನ್ನ ಬೀಳ್ಕೊಡುಗೆಯ ದಿನದ ಸಂಜೆ ಕಣ್ಣಿಗೆ ಕಟ್ಟಿತು: ಕೊರಳಲ್ಲಿ ಹಾರ, ಬಗಲಲ್ಲಿ ಶಾಲು, ಇನ್ನು ಮೇಲೆ ಮನ್ಯಾಗ ಇರ್ತೀನಿ ನೋಡು ಎಂದು ಅವನು ಉಡುಗೊರೆ ಕೊಟ್ಟವನ ಹಾಗೆ ಹೇಳಿದ್ದ, ಅವಳು ನಕ್ಕು, ಹಾರವನ್ನು ಸಪ್ಪಳವಾಗದಂತೆ ಮೇಜಿನ ಮೇಲಿಟ್ಟಿದ್ದಳು. ಆ ಹೊತ್ತಿಗೆ ಅವಳ ತಲೆಯಲ್ಲಿ ಈ ಶೆಡ್ಡು ಬಂದಿತ್ತೋ, ಆಮೇಲೆ ಬಂತೋ? ಎಷ್ಟು ದಿನ ಮಾತಿಲ್ಲದೆ ಇದ್ದು ಕೊನೆಗೆ ಇಲ್ಲಿಗೆ ಬಂದಳು? ಕೇಳುವುದು ಬಹಳವಿತ್ತು. "ನನ್ನ ಮುಂದ ಮಾತಾಡಬಹುದಿತ್ತಲ್ಲ" ಎಂದ ಅವನು.

"ನಿಮ್ಮ ಮುಂದ ಮಾತಾಡಿದ್ರ ನೀವು ಕೇಳ್ತೀರಿ."

"ಅದಕ್ಕಽ ಅಲ್ಲೇನು ಮಾತಾಡೂದು?"

"ಅಲ್ರೀ. ನೀವು ಕೇಳೂದು ಬ್ಯಾರೆ. ಹೆಂಗ ಹೇಳ್ಲಿ... ಬಾಯಿ ತಗದ ಕೂಡ್ಲೆ ಎಲ್ಲೋ ಒಂದು ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದಂಗ ಆಗ್ತದ." ಅವಳು ಎದ್ದು ಅವನ ಕೈಯಿಂದ ಹಾಸಿನ ತುಂಡನ್ನು ತೆಗೆದುಕೊಂಡಳು. "ಹತ್ರಿ. ನಾ ಕೊಡ್ತೀನಿ."

ಅವನು ಮತ್ತೆ ಸ್ಟೂಲು ಹತ್ತಿದ. ಅವಳು ಕೆಳಗಿಂದ ಕೊಟ್ಟದ್ದನ್ನು ಚೌಕದಲ್ಲಿಟ್ಟು ಬೆರಳಿನಿಂದ ಅಂಚುಗಳನ್ನು ಒಳಗೆ ಒತ್ತುತ್ತ ಹೋದ. ಬೆಳಕಿನ ಗೆರೆ ಹೋಯಿತು. ಕುಕ್ಕರಿನ ಸೀಟಿ ನಡುವಿನಲ್ಲೇ ತುಂಡಾದಂತೆ ನಿಂತಿತು; ಅದು ನಿಂತದ್ದಲ್ಲ, ತನಗೆ ಕೇಳಿಸದಾದದ್ದು ಎಂದು ತಿಳಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಹಲಗೆ ಬಿಗಿದು, ಬಂದೇನವಾಜ ಬಿಟ್ಟುಹೋದ ಸ್ಕ್ರೂಗಳನ್ನೆಲ್ಲ ಹಾಕಿದ, ಒಂದನ್ನೂ ಉಳಿಸಲಿಲ್ಲ. ಇಳಿದಾಗ ನಿರುಪಮಾ, "ನೀವು ಹೋಗಿ ಕಿಟಕಿ ಕಡೆ ನಿಂದರ್ರಿ. ಕೇಳಸ್ತದೇನು ನೋಡೂಣು" ಎಂದಳು.

ಅಡಿಗೆಮನೆಯಲ್ಲಿ ಚಹ ಆರುತ್ತಿತ್ತು. ಶ್ರೀರಂಗ ಕಿಟಕಿಯ ಬಳಿ ನಿಂತು ಕಾದ. ಬೀದಿಯಲ್ಲಿ ಯಾರೋ ಸ್ಕೂಟರಿಗೆ ಕಿಕ್ ಹೊಡೆಯುತ್ತಿದ್ದರು. ಪಪ್ಪಾಯಿಯ ಎಲೆಯೊಂದು ಗೋಡೆಗೆ ತಿಕ್ಕುತ್ತಿತ್ತು. ಗುಲ್ಜಾರಬಿ ಯಾರಿಗೋ ಉಳ್ಳಾಗಡ್ಡಿ ಹೆಚ್ಚಲು ಹೇಳುತ್ತಿದ್ದಳು. ಶೆಡ್ಡಿನಿಂದ ಏನೂ ಇಲ್ಲ. ಅವಳು ಶುರುಮಾಡಿದಳೋ ಇಲ್ಲವೋ, ಮುಗಿಸಿದಳೋ, ನಡುವಿನಲ್ಲಿದ್ದಾಳೋ, ಒಂದೂ ತಿಳಿಯಲಿಲ್ಲ. ಅವನು ಎಂದೂ ಇಷ್ಟು ಗಮನವಿಟ್ಟು ಏನನ್ನೂ ಕೇಳಿರಲಿಲ್ಲ. ಕಡೆಗೆ ಬಾಗಿಲು ತೆರೆಯಿತು. ಅವಳು ಅಂಗಳ ದಾಟಿ ಬಂದಳು. ಓಡಿ ಬಂದವಳ ಹಾಗೆ ಎದೆ ಏರಿಳಿಯುತ್ತಿತ್ತು, ಮೇಲ್ದುಟಿಯ ಮೇಲೆ ಬೆವರು, ಕೊರಳ ನರ ಎದ್ದು ಕಾಣುತ್ತಿತ್ತು.

"ಕೇಳಿಸ್ತೇನು?"

"ಇಲ್ಲ."

"ಏನೂ?"

"ಏನೂ ಇಲ್ಲ."

"ಗಂಟಲಾ ಹರಕೊಂಡು ಒದರಿದೆ" ಎಂದಳು ಅವಳು. ದನಿ ಒಡೆದಿತ್ತು. ತಂಬಿಗೆ ಎತ್ತಿ ನೀರು ಕುಡಿದಳು. ಅರ್ಧ ಸೀರೆಯ ಮೇಲೆ ಚೆಲ್ಲಿತು, ಒರೆಸಿಕೊಳ್ಳಲಿಲ್ಲ. ಏನೆಂದು ಒದರಿದೆ ಎಂಬ ಪ್ರಶ್ನೆ ಶ್ರೀರಂಗನ ಬಾಯಿಯವರೆಗೆ ಬಂದಿತ್ತು. ಅವಳು ಅದನ್ನು ಕಂಡಳು. ಕಂಡು, ಅದಕ್ಕೆ ಉತ್ತರ ಕೊಡದೆ, ತಂಬಿಗೆ ಕೆಳಗಿಟ್ಟು, "ನೀವೂ ಒಂದ ಸಲ ಹೋಗಿ ಬರ್ರಿ. ನಾ ಇಲ್ಲೆ ನಿಂತು ನೋಡ್ತೀನಿ" ಎಂದಳು. ತಂಬಿಗೆ ಕಲ್ಲಿನ ಕಟ್ಟೆಯ ಮೇಲೆ ಠಣ್ ಎಂದಿತು.

ಅವನು ಹೋದ. ಬಾಗಿಲು ಎಳೆದುಕೊಂಡ. ಒಳಗೆ ಗಾಳಿಯೂ ನಿಂತಂತಿತ್ತು. ಕಿವಿಯಲ್ಲಿ ತನ್ನ ರಕ್ತ ಹರಿಯುವ ಸದ್ದು. ಹೀಗಿರುವ ಕೋಣೆಯಲ್ಲಿ ಎಷ್ಟು ಜನರನ್ನು ಕೂರಿಸಿ, ಗಾಜಿನ ಈಚೆಯಿಂದ ಕೈಸನ್ನೆ ಮಾಡಿ, ಶುರುಮಾಡ್ರಿ ಎಂದಿದ್ದ. ತಾನು ಒಳಗೆ ಕೂತದ್ದು ನೆನಪಿಲ್ಲ. ಸ್ಟೂಲಿನ ಎದುರಿನ ಗೋಡೆಯಲ್ಲಿ ಜೇಡ ಬಿರುಕಿನ ಇನ್ನೊಂದು ತುದಿಗೆ ಹೋಗಿತ್ತು. ಅವನು ಬಾಯಿ ತೆರೆದ. ಹೇಳುವುದಕ್ಕೆ ಏನಿದೆ ಎಂದು ನೋಡಿದ. ಏನೂ ಸಿಗಲಿಲ್ಲ. ಮತ್ತೆ ತೆರೆದ. "ಒಂದು" ಎಂದ; ಮೈಕು ಪರೀಕ್ಷೆ ಮಾಡುವಾಗಿನ ಮಾತು. "ಎರಡು. ಮೂರು." ದನಿ ಗೋಡೆಗೆ ಮುಟ್ಟುವ ಮೊದಲೇ ಬಿದ್ದುಹೋಯಿತು. ಶೆಡ್ಡಿನ ಪುಟ್ಟ ಗಾಜಿನ ಕಿಟಕಿಯಿಂದ ಅಡಿಗೆಮನೆಯ ಕಿಟಕಿ ಕಾಣುತ್ತಿತ್ತು. ಅಲ್ಲಿ ನಿರುಪಮಾ ಸರಳಿಗೆ ಕೆನ್ನೆ ಹಚ್ಚಿ, ತಲೆ ಒಂದು ಕಡೆ ಓರೆ ಮಾಡಿ, ಹುಬ್ಬು ಕೂಡಿಸಿ ನಿಂತಿದ್ದಳು. ಅವಳಿಗೆ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದರೂ ಅವಳು ಕಿವಿ ತೆಗೆಯಲಿಲ್ಲ. "ನಾಕು" ಎಂದ ಶ್ರೀರಂಗ, ಇನ್ನಷ್ಟು ಗಟ್ಟಿಯಾಗಿ. "ಐದು" ಎಂದಾಗ ದನಿ ಒಡೆಯಿತು, ಅದನ್ನು ಹಾಗೇ ಬಿಟ್ಟ. ಹತ್ತರ ತನಕ ದಾರಿ ಗೊತ್ತಿತ್ತು. ಆಮೇಲೆ ಏನು ಬರುವುದೋ ನೋಡೋಣ ಎಂದುಕೊಂಡು, ಅವನು ಕಾಲು ಅಗಲಿಸಿ ನಿಂತು, "ಆರು" ಎಂದು ಕೂಗಿದ.